ಒಕ್ಕೂಟದ ಶಿಲ್ಪಿ: ಜೇಮ್ಸ್ ಮ್ಯಾಡಿಸನ್

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸ್ಥಾಪನೆಯ ಕಥೆಯನ್ನು ಹೇಳುವಾಗ ನಮ್ಮಲ್ಲಿ ಸಾಮಾನ್ಯವಾಗಿ ಇಬ್ಬರ ಹೆಸರು ಮೊದಲು ಬರುತ್ತದೆ. ಸೈನ್ಯವನ್ನು ನಡೆಸಿ ಗೆದ್ದ ಜಾರ್ಜ್ ವಾಷಿಂಗ್ಟನ್ ಒಬ್ಬ; ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ ಇನ್ನೊಬ್ಬ. ಆದರೆ ಯುದ್ಧ ಮುಗಿದ ಮೇಲೂ ಒಂದು ಪ್ರಶ್ನೆ ಉಳಿದೇ ಇತ್ತು. ಪರಸ್ಪರ ಸಂಶಯದಿಂದ ನೋಡುತ್ತಿದ್ದ ಹದಿಮೂರು ಸಂಸ್ಥಾನಗಳು ತಮ್ಮತನವನ್ನು ಕಳೆದುಕೊಳ್ಳದೆ ಒಂದೇ ಸರ್ಕಾರದ ಅಡಿಯಲ್ಲಿ ಬಾಳುವುದು ಹೇಗೆ? ಈ ಪ್ರಶ್ನೆಯನ್ನು ತನ್ನ ಜೀವಮಾನದ ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡವನು ಜೇಮ್ಸ್ ಮ್ಯಾಡಿಸನ್. ಐದು ಅಡಿ ನಾಲ್ಕು ಅಂಗುಲದ ಕೃಶಕಾಯ, ಆಗಾಗ ಕಾಡುತ್ತಿದ್ದ ಅನಾರೋಗ್ಯ, ತುಂಬಿದ ಸಭೆಯಲ್ಲಿ ವರದಿಗಾರನಿಗೂ ಕೇಳಿಸದಷ್ಟು ಮೆಲುದನಿ. ಜನನಾಯಕನಿಗೆ ಬೇಕೆಂದು ನಾವು ಭಾವಿಸುವ ಬಾಹ್ಯ ಲಕ್ಷಣಗಳಲ್ಲಿ ಒಂದೂ ಅವನಲ್ಲಿರಲಿಲ್ಲ. ಇದ್ದದ್ದು ಅಸಾಧಾರಣವಾದ ಓದು, ತಾಳ್ಮೆ ಮತ್ತು ಸೋತ ಮೇಲೂ ಮತ್ತೆ ಕುಳಿತು ಬರೆಯುವ ಛಲ. ಅವನ ಬದುಕನ್ನು ಪರಿಶೀಲಿಸುವುದೆಂದರೆ ಅಮೆರಿಕದ ಒಕ್ಕೂಟ ಸರ್ಕಾರದ ರಚನೆಯನ್ನೂ ಅದರ ಮೂಲದಲ್ಲೇ ಇದ್ದ ಬಿರುಕನ್ನೂ ಒಟ್ಟಿಗೆ ಪರಿಶೀಲಿಸಿದಂತೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮ್ಯಾಡಿಸನ್ ಹುಟ್ಟಿದ್ದು ೧೭೫೧ರ ಮಾರ್ಚ್ ೧೬ರಂದು, ವರ್ಜೀನಿಯಾದ ಪೋರ್ಟ್ ಕಾನ್‌ವೇ ಎಂಬಲ್ಲಿ, ತಾಯಿಯ ತವರಿನಲ್ಲಿ. ಹನ್ನೆರಡು ಮಕ್ಕಳಲ್ಲಿ ಅವನೇ ಹಿರಿಯ. ತಂದೆ ಆರೆಂಜ್ ಕೌಂಟಿಯ ಪ್ರಮುಖ ಭೂಮಾಲಿಕ. ಹೊಗೆಸೊಪ್ಪಿನ ಬೆಳೆಯೂ ಅದನ್ನು ಬೆಳೆಯುವ ಗುಲಾಮರೂ ಆ ಮನೆತನದ ಸಂಪತ್ತಿಗೆ ಆಧಾರ. ಮುಂದೆ ಮಾಂಟ್‌ಪೆಲಿಯರ್ ಎಂದು ಪ್ರಸಿದ್ಧವಾದ ಆ ಜಮೀನಿನಲ್ಲೇ ಅವನ ಬಾಲ್ಯ ಕಳೆಯಿತು. ಅಂತ್ಯವೂ ಅಲ್ಲಿಯೇ ಆಯಿತು.

ಡೊನಾಲ್ಡ್ ರಾಬರ್ಟ್‌ಸನ್ ಎಂಬ ಸ್ಕಾಟ್ಲೆಂಡಿನ ಉಪಾಧ್ಯಾಯನಲ್ಲಿ ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಕಲಿತ ಮ್ಯಾಡಿಸನ್ ೧೭೬೯ರಲ್ಲಿ ಪ್ರಿನ್ಸ್‌ಟನ್ನಿನ ನ್ಯೂಜರ್ಸಿ ಕಾಲೇಜನ್ನು ಸೇರಿದ. ಎರಡೇ ವರ್ಷಗಳಲ್ಲಿ ಪದವಿ ಮುಗಿಸಿ, ಪ್ರಾಂಶುಪಾಲ ಜಾನ್ ವಿದರ್‌ಸ್ಪೂನನ ಬಳಿ ಹೀಬ್ರೂ ಭಾಷೆಯನ್ನೂ ನೀತಿಶಾಸ್ತ್ರವನ್ನೂ ಅಭ್ಯಸಿಸಲು ಇನ್ನೂ ಕೆಲವು ತಿಂಗಳು ಅಲ್ಲಿಯೇ ಉಳಿದ. ಊರಿಗೆ ಮರಳಿದಾಗ ಆರೋಗ್ಯ ಕುಸಿದಿತ್ತು. ತನಗೆ ದೀರ್ಘಾಯುಷ್ಯವಿಲ್ಲವೆಂದೇ ನಂಬಿದ್ದ ಆ ತರುಣ ಎಂಬತ್ತೈದು ವರ್ಷ ಬಾಳಿದ.

ಆ ದಿನಗಳಲ್ಲಿ ಅವನ ಮನಸ್ಸನ್ನು ಕಲಕಿದ ಸಂಗತಿ ತೆರಿಗೆಯಲ್ಲ, ಧರ್ಮ. ವರ್ಜೀನಿಯಾದಲ್ಲಿ ಆಂಗ್ಲಿಕನ್ ಚರ್ಚು ರಾಜ್ಯಧರ್ಮವಾಗಿತ್ತು. ಅನುಮತಿಯಿಲ್ಲದೆ ಉಪದೇಶ ಮಾಡಿದ ಬ್ಯಾಪ್ಟಿಸ್ಟ್ ಬೋಧಕರನ್ನು ನೆರೆಯ ಊರುಗಳಲ್ಲಿ ಸೆರೆಗೆ ಹಾಕಲಾಗುತ್ತಿತ್ತು. ೧೭೭೬ರಲ್ಲಿ ವರ್ಜೀನಿಯಾದ ಸಮಾವೇಶಕ್ಕೆ ಆಯ್ಕೆಯಾಗಿ ಹೋದ ಇಪ್ಪತ್ತೈದರ ಮ್ಯಾಡಿಸನ್ ಹಕ್ಕುಗಳ ಘೋಷಣೆಯ ಕರಡಿನಲ್ಲಿ ಒಂದು ಮುಖ್ಯ ತಿದ್ದುಪಡಿಯನ್ನು ತಂದ. ಜಾರ್ಜ್ ಮೇಸನ್ ಬರೆದ ಕರಡು ಅನ್ಯಮತಗಳ ಬಗೆಗೆ ಸಹನೆಯನ್ನು ವಾಗ್ದಾನ ಮಾಡಿತ್ತು. ಸಹನೆಯೆಂಬುದು ಬಲಿಷ್ಠನು ದುರ್ಬಲನಿಗೆ ನೀಡುವ ಭಿಕ್ಷೆ, ಅದನ್ನು ಕೊಟ್ಟವನು ಹಿಂದಕ್ಕೂ ಪಡೆಯಬಲ್ಲ ಎಂಬುದನ್ನು ಈ ತರುಣ ಗುರುತಿಸಿದ. ಅವನ ಒತ್ತಾಯದಿಂದ ಧರ್ಮಾಚರಣೆಯ ಸ್ವಾತಂತ್ರ್ಯವು ಎಲ್ಲರಿಗೂ ಸಮಾನವಾದ ಹಕ್ಕೆಂದು ಆ ಘೋಷಣೆಯಲ್ಲಿ ದಾಖಲಾಯಿತು. ಮರುವರ್ಷದ ಚುನಾವಣೆಯಲ್ಲಿ, ಮತದಾರರಿಗೆ ಮದ್ಯ ಹಂಚುವ ರೂಢಿಯನ್ನು ಪಾಲಿಸಲು ಒಪ್ಪದೆ ಅವನು ಸೋತನೆಂಬುದೂ ಇಲ್ಲಿ ಸ್ಮರಣೀಯ.

ದುರ್ಬಲ ಮೈತ್ರಿಕೂಟ

೧೭೮೦ರಲ್ಲಿ ಖಂಡೀಯ ಕಾಂಗ್ರೆಸ್ಸಿನ ಸದಸ್ಯನಾಗಿ ಫಿಲಡೆಲ್ಫಿಯಾಕ್ಕೆ ಹೋದ ಮ್ಯಾಡಿಸನ್ನನಿಗೆ ರಾಷ್ಟ್ರದ ನಿಜಸ್ಥಿತಿಯ ಪರಿಚಯವಾಯಿತು. ೧೭೮೧ರ ಮಾರ್ಚ್ ೧ರಂದು ಜಾರಿಗೆ ಬಂದ ಮೈತ್ರಿಕೂಟದ ಕರಾರು ಹೆಸರಿಗೆ ಮಾತ್ರ ಒಂದು ಕೇಂದ್ರವನ್ನು ಸೃಷ್ಟಿಸಿತ್ತು. ಅದಕ್ಕೆ ತೆರಿಗೆ ವಿಧಿಸುವ ಅಧಿಕಾರವಿರಲಿಲ್ಲ. ಸಂಸ್ಥಾನಗಳನ್ನು ಹಣಕ್ಕಾಗಿ ಬೇಡಬಹುದಾಗಿತ್ತು, ಅವು ಕೊಡದಿದ್ದರೆ ಸುಮ್ಮನಿರಬೇಕಾಗಿತ್ತು. ಪ್ರತ್ಯೇಕ ಕಾರ್ಯಾಂಗವಿಲ್ಲ, ರಾಷ್ಟ್ರೀಯ ನ್ಯಾಯಾಂಗವಿಲ್ಲ. ಪ್ರತಿ ಸಂಸ್ಥಾನಕ್ಕೂ ಒಂದೇ ಮತ. ಮುಖ್ಯ ನಿರ್ಣಯಗಳಿಗೆ ಒಂಬತ್ತು ಸಂಸ್ಥಾನಗಳ ಒಪ್ಪಿಗೆ. ಕರಾರನ್ನು ತಿದ್ದಲು ಹದಿಮೂರೂ ಸಂಸ್ಥಾನಗಳ ಸಮ್ಮತಿ. ಯುದ್ಧದ ಸಾಲವನ್ನು ತೀರಿಸಲು ಆಮದು ಸರಕಿನ ಮೇಲೆ ನೂರಕ್ಕೆ ಐದರಷ್ಟು ಸುಂಕ ಹಾಕುವ ಯೋಜನೆ ೧೭೮೨ರಲ್ಲಿ ರೋಡ್ ಐಲೆಂಡ್ ಎಂಬ ಅತಿ ಚಿಕ್ಕ ಸಂಸ್ಥಾನದ ನಿರಾಕರಣೆಯಿಂದ ಬಿದ್ದುಹೋಯಿತು. ಹೋರಾಡಿದ ಸೈನಿಕರಿಗೆ ಸಂಬಳವಿಲ್ಲ, ಸಾಲ ಕೊಟ್ಟವರಿಗೆ ಬಡ್ಡಿಯಿಲ್ಲ.

ಕಾಂಗ್ರೆಸ್ಸಿನ ಅವಧಿ ಮುಗಿದ ಮೇಲೆ ಮ್ಯಾಡಿಸನ್ ವರ್ಜೀನಿಯಾದ ಶಾಸನಸಭೆಗೆ ಮರಳಿದ. ಕ್ರೈಸ್ತ ಬೋಧಕರ ವೇತನಕ್ಕಾಗಿ ತೆರಿಗೆ ವಿಧಿಸುವ ಮಸೂದೆಯನ್ನು ಪ್ರಸಿದ್ಧ ವಾಗ್ಮಿ ಪ್ಯಾಟ್ರಿಕ್ ಹೆನ್ರಿ ಬೆಂಬಲಿಸಿದಾಗ, ೧೭೮೫ರಲ್ಲಿ ಹೆಸರು ಹಾಕದೆ ಒಂದು ಮನವಿಪತ್ರವನ್ನು ಬರೆದು ಜನರಲ್ಲಿ ಹರಡಿದ. ಮಸೂದೆ ಬಿತ್ತು. ಜೆಫರ್ಸನ್ ಹಿಂದೆಯೇ ಬರೆದಿಟ್ಟಿದ್ದ ಧಾರ್ಮಿಕ ಸ್ವಾತಂತ್ರ್ಯದ ಕಾಯಿದೆಯನ್ನು ೧೭೮೬ರ ಆರಂಭದಲ್ಲಿ ಮ್ಯಾಡಿಸನ್ ಅಂಗೀಕಾರ ಮಾಡಿಸಿದ.

ಇದೇ ಅವಧಿಯಲ್ಲಿ ಪ್ಯಾರಿಸಿನಲ್ಲಿ ರಾಯಭಾರಿಯಾಗಿದ್ದ ಜೆಫರ್ಸನ್ ಗೆಳೆಯನಿಗಾಗಿ ಪೆಟ್ಟಿಗೆಗಟ್ಟಲೆ ಪುಸ್ತಕಗಳನ್ನು ಕಳುಹಿಸಿದ. ಅವುಗಳ ನೆರವಿನಿಂದ ಮ್ಯಾಡಿಸನ್ ಪ್ರಾಚೀನ ಕಾಲದ ಅಕೇಯನ್ ಮತ್ತು ಲಿಸಿಯನ್ ಕೂಟಗಳಿಂದ ಹಿಡಿದು ಡಚ್, ಸ್ವಿಸ್, ಜರ್ಮನ್ ಕೂಟಗಳವರೆಗೆ ಇತಿಹಾಸದಲ್ಲಿ ಆಗಿಹೋದ ಮೈತ್ರಿಕೂಟಗಳನ್ನೆಲ್ಲ ಕ್ರಮವಾಗಿ ಅಭ್ಯಸಿಸಿ, ಪ್ರತಿಯೊಂದರ ರಚನೆಯನ್ನೂ ಅದರ ದೋಷವನ್ನೂ ಟಿಪ್ಪಣಿ ಮಾಡಿಕೊಂಡ. ೧೭೮೭ರ ಏಪ್ರಿಲ್ ಹೊತ್ತಿಗೆ ತನ್ನ ದೇಶದ ವ್ಯವಸ್ಥೆಯ ದೋಷಗಳ ಪಟ್ಟಿಯನ್ನೂ ಸಿದ್ಧಪಡಿಸಿದ. ಅವನು ಕಂಡುಕೊಂಡದ್ದು ಎರಡು ಸತ್ಯಗಳನ್ನು. ಮೊದಲನೆಯದು, ಸರ್ಕಾರಗಳ ಮೇಲೆ ಆಳುವ ಸರ್ಕಾರ ನಿಲ್ಲಲಾರದು. ಕೇಂದ್ರವು ನೇರವಾಗಿ ಪ್ರಜೆಗಳಿಂದಲೇ ಅಧಿಕಾರ ಪಡೆಯಬೇಕು, ನೇರವಾಗಿ ಪ್ರಜೆಗಳೊಡನೆಯೇ ವ್ಯವಹರಿಸಬೇಕು. ಎರಡನೆಯದು, ಗಣರಾಜ್ಯದಲ್ಲಿ ಅನ್ಯಾಯವು ಅರಸನಿಂದಲೇ ಬರಬೇಕೆಂದಿಲ್ಲ. ಬಹುಮತವೇ ಅಲ್ಪಮತವನ್ನು ತುಳಿಯಬಲ್ಲುದು.

ಫಿಲಡೆಲ್ಫಿಯಾದ ಬೇಸಗೆ

೧೭೮೬ರ ಸೆಪ್ಟೆಂಬರಿನಲ್ಲಿ ಅನಾಪೊಲಿಸ್‌ನಲ್ಲಿ ಕರೆದ ಸಭೆಗೆ ಐದು ಸಂಸ್ಥಾನಗಳ ಪ್ರತಿನಿಧಿಗಳು ಮಾತ್ರ ಬಂದರು. ಅವರೇ ಸೇರಿ ಮರುವರ್ಷ ಫಿಲಡೆಲ್ಫಿಯಾದಲ್ಲಿ ಇನ್ನೊಂದು ಸಮಾವೇಶ ಸೇರಬೇಕೆಂದು ಕರೆಯಿತ್ತರು. ಆ ಚಳಿಗಾಲದಲ್ಲಿ ಮಸಾಚುಸೆಟ್ಸ್‌ನ ಸಾಲಗ್ರಸ್ತ ರೈತರು ಡೇನಿಯಲ್ ಶೇಸ್‌ನ ಮುಂದಾಳತ್ವದಲ್ಲಿ ಬಂಡೆದ್ದದ್ದು ಎಲ್ಲರನ್ನೂ ಎಚ್ಚರಿಸಿತು. ಮೇ ತಿಂಗಳ ಮೊದಲ ವಾರದಲ್ಲೇ ಮ್ಯಾಡಿಸನ್ ಫಿಲಡೆಲ್ಫಿಯಾವನ್ನು ತಲುಪಿದ. ಸಭೆಗೆ ಕೋರಂ ದೊರೆತದ್ದು ಮೇ ೨೫ರಂದು. ನಡುವಿನ ಬಿಡುವಿನಲ್ಲಿ ವರ್ಜೀನಿಯಾದ ಪ್ರತಿನಿಧಿಗಳು ಪ್ರತಿದಿನ ಸೇರಿ ಹದಿನೈದು ನಿರ್ಣಯಗಳ ಯೋಜನೆಯೊಂದನ್ನು ರೂಪಿಸಿದರು. ಮೇ ೨೯ರಂದು ಎಡ್ಮಂಡ್ ರ‍್ಯಾಂಡಾಲ್ಫ್ ಮಂಡಿಸಿದ ಈ ವರ್ಜೀನಿಯಾ ಯೋಜನೆಯ ಹಿಂದಿದ್ದ ಚಿಂತನೆ ಮುಖ್ಯವಾಗಿ ಮ್ಯಾಡಿಸನ್ನನದು. ಹಳೆಯ ಕರಾರನ್ನು ತಿದ್ದಲೆಂದು ಬಂದವರ ಮುಂದೆ ಸಂಪೂರ್ಣ ಹೊಸದೊಂದು ಸರ್ಕಾರದ ನಕ್ಷೆ ಬಂದಿತ್ತು: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳೆಂಬ ಮೂರು ಅಂಗಗಳು, ಎರಡು ಸದನಗಳ ಶಾಸಕಾಂಗ, ಎರಡರಲ್ಲೂ ಸಂಸ್ಥಾನದ ಗಾತ್ರಕ್ಕೆ ಅನುಗುಣವಾದ ಪ್ರಾತಿನಿಧ್ಯ, ಸಂಸ್ಥಾನಗಳ ಶಾಸನಗಳನ್ನು ತಡೆಯುವ ಅಧಿಕಾರ ಕೇಂದ್ರಕ್ಕೆ.

ಹನ್ನೆರಡು ಸಂಸ್ಥಾನಗಳಿಂದ ಬಂದ ಐವತ್ತೈದು ಮಂದಿ ಆ ಬೇಸಗೆಯಲ್ಲಿ ಮುಚ್ಚಿದ ಬಾಗಿಲುಗಳ ಹಿಂದೆ ಚರ್ಚಿಸಿದರು. ರೋಡ್ ಐಲೆಂಡ್ ಬರಲೇ ಇಲ್ಲ. ಮ್ಯಾಡಿಸನ್ ಅಧ್ಯಕ್ಷಪೀಠದ ಎದುರಿಗೇ ಕುಳಿತು ಎಲ್ಲರ ಮಾತನ್ನೂ ಸಂಕ್ಷೇಪವಾಗಿ ಗುರುತು ಹಾಕಿಕೊಂಡು, ಅನಂತರ ಬಿಡಿಸಿ ಬರೆಯುತ್ತಿದ್ದ. ಸ್ವತಃ ನೂರೈವತ್ತಕ್ಕೂ ಹೆಚ್ಚು ಬಾರಿ ಮಾತಾಡಿದವನು ಈ ಕೆಲಸವನ್ನೂ ಮಾಡಿದನೆಂಬುದು ಆಶ್ಚರ್ಯಕರ. ಅನಂತರದ ವರ್ಷಗಳಲ್ಲಿ ಅವನು ಈ ಟಿಪ್ಪಣಿಗಳನ್ನು ಅಲ್ಲಲ್ಲಿ ತಿದ್ದಿದ್ದಾನೆಂದು ಸಂಶೋಧಕರು ತೋರಿಸಿದ್ದಾರೆ. ಆದರೂ ಆ ಸಭೆಯ ಬಗೆಗೆ ನಮಗಿರುವ ಅತ್ಯಂತ ವಿಸ್ತಾರವಾದ ಆಕರ ಅದೇ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಸಂವಿಧಾನದ ಜನಕನೆಂದು ಪ್ರಖ್ಯಾತನಾದವನು ಆ ಸಭೆಯಲ್ಲಿ ತನಗೆ ಬಹಳ ಮುಖ್ಯವೆನಿಸಿದ ಎರಡು ವಿಷಯಗಳಲ್ಲಿ ಸೋತ. ಚಿಕ್ಕ ಸಂಸ್ಥಾನಗಳ ಪರವಾಗಿ ವಿಲಿಯಂ ಪ್ಯಾಟರ್‌ಸನ್ ಪ್ರತಿಯೋಜನೆಯನ್ನು ಮಂಡಿಸಿದ. ವಾರಗಟ್ಟಲೆ ಜಗ್ಗಾಟದ ಅನಂತರ ಜುಲೈ ೧೬ರಂದು, ಐದಕ್ಕೆ ನಾಲ್ಕು ಮತಗಳಿಂದ, ಒಂದು ರಾಜಿ ಏರ್ಪಟ್ಟಿತು. ಪ್ರತಿನಿಧಿಸಭೆಯಲ್ಲಿ ಜನಸಂಖ್ಯೆಗೆ ತಕ್ಕ ಸ್ಥಾನ; ಸೆನೆಟ್ಟಿನಲ್ಲಿ ದೊಡ್ಡದು ಚಿಕ್ಕದೆನ್ನದೆ ಪ್ರತಿ ಸಂಸ್ಥಾನಕ್ಕೂ ಸಮಾನ ಸ್ಥಾನ. ಮ್ಯಾಡಿಸನ್ನನಿಗೆ ಇದು ಅನ್ಯಾಯವಾಗಿ ಕಂಡಿತು. ಮರುದಿನವೇ ಸಂಸ್ಥಾನಗಳ ಶಾಸನಗಳನ್ನು ತಡೆಯುವ ಅಧಿಕಾರವನ್ನೂ ಸಭೆ ತಿರಸ್ಕರಿಸಿತು. ಇಷ್ಟಾದರೂ ಅವನು ಎದ್ದು ಹೋಗಲಿಲ್ಲ. ಸೆಪ್ಟೆಂಬರ್ ೧೭ರಂದು ಮೂವತ್ತೊಂಬತ್ತು ಮಂದಿ ಸಹಿ ಹಾಕಿದಾಗ ಅವರಲ್ಲಿ ಅವನೂ ಒಬ್ಬನಾಗಿದ್ದ.

ಇನ್ನೊಂದು ರಾಜಿಯ ಕಥೆ ಹೆಚ್ಚು ಕಹಿಯಾದುದು. ಸಂಸ್ಥಾನಗಳ ನಡುವಣ ನಿಜವಾದ ಭೇದ ದೊಡ್ಡದು ಚಿಕ್ಕದೆಂಬುದಲ್ಲ, ಗುಲಾಮಗಿರಿ ಇರುವ ಮತ್ತು ಇಲ್ಲದ ಪ್ರಾಂತಗಳ ಭೇದ ಎಂದು ಆ ಸಭೆಯಲ್ಲಿ ಸ್ಪಷ್ಟವಾಗಿ ಹೇಳಿದವನು ಮ್ಯಾಡಿಸನ್ನನೇ. ಆದರೂ ಪ್ರಾತಿನಿಧ್ಯದ ಎಣಿಕೆಯಲ್ಲಿ ಗುಲಾಮರ ಸಂಖ್ಯೆಯ ಐದನೇ ಮೂರು ಭಾಗವನ್ನು ಸೇರಿಸಲಾಯಿತು. ಮತವಿಲ್ಲದವರ ತಲೆಯೆಣಿಕೆಯಿಂದ ಅವರ ಒಡೆಯರ ಬಲ ಹೆಚ್ಚಿತು. ಗುಲಾಮರ ಆಮದನ್ನು ೧೮೦೮ರವರೆಗೆ ನಿಷೇಧಿಸುವಂತಿಲ್ಲವೆಂದಾಯಿತು, ತಪ್ಪಿಸಿಕೊಂಡವರನ್ನು ಒಪ್ಪಿಸಬೇಕೆಂದಾಯಿತು. ಇಪ್ಪತ್ತು ವರ್ಷಗಳ ಆ ಅವಧಿಯನ್ನು ಮ್ಯಾಡಿಸನ್ ವಿರೋಧಿಸಿದ. ಮನುಷ್ಯರು ಆಸ್ತಿಯಾಗಬಹುದೆಂಬ ಭಾವನೆಗೆ ಸಂವಿಧಾನದಲ್ಲಿ ಸ್ಥಾನವಿರಕೂಡದೆಂದೂ ವಾದಿಸಿದ. ಗುಲಾಮ ಎಂಬ ಶಬ್ದ ಆ ಪತ್ರದಲ್ಲಿ ಬರಲಿಲ್ಲ, ನಿಜ. ಗುಲಾಮಗಿರಿ ಮಾತ್ರ ಒಳಗೆ ಬಂದು ಕುಳಿತಿತು. ೧೭೯೦ರ ಮೊದಲ ಜನಗಣತಿಯಂತೆ ಸುಮಾರು ೩೯ ಲಕ್ಷ ಜನರಲ್ಲಿ ಸುಮಾರು ೭ ಲಕ್ಷ ಮಂದಿ ಗುಲಾಮರು. ಅವರಲ್ಲಿ ಅತ್ಯಧಿಕ ಭಾಗ ಮ್ಯಾಡಿಸನ್ನನ ವರ್ಜೀನಿಯಾದಲ್ಲೇ ಇತ್ತು.

ಅನುಮೋದನೆಯ ಹೋರಾಟ

ಒಂಬತ್ತು ಸಂಸ್ಥಾನಗಳು ಅನುಮೋದಿಸಿದರೆ ಸಂವಿಧಾನ ಜಾರಿಗೆ ಬರುವಂತಿತ್ತು. ನ್ಯೂಯಾರ್ಕಿನ ಜನರನ್ನು ಒಲಿಸಲು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಆರಂಭಿಸಿದ ಪತ್ರಿಕಾ ಲೇಖನಮಾಲೆಗೆ ಜಾನ್ ಜೇ ಮತ್ತು ಮ್ಯಾಡಿಸನ್ ಕೈಜೋಡಿಸಿದರು. ಪಬ್ಲಿಯಸ್ ಎಂಬ ಕಾವ್ಯನಾಮದಲ್ಲಿ ಬಂದ ಈ ಎಂಬತ್ತೈದು ಲೇಖನಗಳೇ ‘ಫೆಡರಲಿಸ್ಟ್’ ಎಂದು ಪ್ರಸಿದ್ಧವಾದವು.

೧೭೮೭ರ ನವೆಂಬರಿನಲ್ಲಿ ಬಂದ ಹತ್ತನೆಯ ಲೇಖನ ಮ್ಯಾಡಿಸನ್ನನ ಚಿಂತನೆಯ ತಿರುಳು. ಗಣರಾಜ್ಯವು ಪುಟ್ಟ ಪ್ರದೇಶದಲ್ಲಿ ಮಾತ್ರ ಉಳಿಯಬಲ್ಲದೆಂಬುದು ಮಾಂಟೆಸ್ಕ್ಯೂವಿನ ಹೆಸರಿನಲ್ಲಿ ಅಂದು ಪ್ರಚಲಿತವಾಗಿದ್ದ ಮತ. ಮ್ಯಾಡಿಸನ್ ಅದನ್ನು ತಲೆಕೆಳಗು ಮಾಡಿದ. ಸಂಪತ್ತು, ಧರ್ಮ, ಕಸುಬುಗಳ ಭೇದದಿಂದ ಬಣಗಳು ಹುಟ್ಟುವುದು ಮನುಷ್ಯಸ್ವಭಾವ. ಸ್ವಾತಂತ್ರ್ಯವನ್ನು ಕೊಲ್ಲದೆ ಅವುಗಳನ್ನು ಇಲ್ಲವಾಗಿಸಲಾಗದು. ಪುಟ್ಟ ರಾಜ್ಯದಲ್ಲಿ ಒಂದು ಬಣ ಬಹುಮತವಾಗಿ ಉಳಿದವರನ್ನು ತುಳಿಯುವುದು ಸುಲಭ. ವಿಶಾಲ ಒಕ್ಕೂಟದಲ್ಲಿ ಬಣಗಳು ಅನೇಕವಾಗಿ, ಯಾವುದೊಂದಕ್ಕೂ ಶಾಶ್ವತ ಬಹುಮತ ದೊರೆಯದೆ, ಒಂದನ್ನೊಂದು ತಡೆಯುತ್ತವೆ. ಐವತ್ತೊಂದನೆಯ ಲೇಖನದಲ್ಲಿ ಇದೇ ವಿವೇಕವನ್ನು ಸರ್ಕಾರದ ಅಂಗಗಳಿಗೂ ಅನ್ವಯಿಸಿದ. ಅಧಿಕಾರಸ್ಥರ ಸದ್ಗುಣವನ್ನೇ ನಂಬಿ ಕೂರದೆ, ಒಂದು ಅಂಗದವರ ಮಹತ್ವಾಕಾಂಕ್ಷೆಯೇ ಇನ್ನೊಂದು ಅಂಗದವರ ಮಹತ್ವಾಕಾಂಕ್ಷೆಗೆ ಕಡಿವಾಣವಾಗುವಂತೆ ರಚನೆ ಇರಬೇಕೆಂದು ವಿವರಿಸಿದ.

೧೭೮೮ರ ಜೂನಿನಲ್ಲಿ ವರ್ಜೀನಿಯಾದ ಸಮಾವೇಶ ಸೇರಿತು. ಪ್ಯಾಟ್ರಿಕ್ ಹೆನ್ರಿಯ ಗುಡುಗಿನಂಥ ವಾಗ್ಮಿತೆಗೆ ಮ್ಯಾಡಿಸನ್, ಟೊಪ್ಪಿಗೆಯಲ್ಲಿ ಟಿಪ್ಪಣಿಗಳನ್ನಿಟ್ಟುಕೊಂಡು, ಮೆಲುದನಿಯಲ್ಲಿ ವಿಧಿವಿಧಿಯಾಗಿ ಉತ್ತರಕೊಟ್ಟ. ಜೂನ್ ೨೫ರಂದು ೮೯ಕ್ಕೆ ೭೯ ಮತಗಳಿಂದ ಸಂವಿಧಾನ ಗೆದ್ದಿತು.

ಸರ್ಕಾರದ ರಚನೆ

ಸೋತ ಹೆನ್ರಿ ಸುಮ್ಮನಿರಲಿಲ್ಲ. ಅವನ ಪ್ರಭಾವದಿಂದ ಮ್ಯಾಡಿಸನ್ನನಿಗೆ ಸೆನೆಟ್ ಸ್ಥಾನ ತಪ್ಪಿತು. ಪ್ರತಿನಿಧಿಸಭೆಗೆ ಗೆಳೆಯ ಜೇಮ್ಸ್ ಮನ್ರೋ ವಿರುದ್ಧ ಸ್ಪರ್ಧಿಸಿ ೩೩೬ ಮತಗಳ ಅಂತರದಲ್ಲಿ ಗೆಲ್ಲಬೇಕಾಯಿತು. ೧೭೮೯ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಮೊದಲ ಕಾಂಗ್ರೆಸ್ಸಿನ ಮುಂದೆ ಕೆಲವು ಪುಟಗಳ ಸಂವಿಧಾನವಿತ್ತೇ ಹೊರತು ಸರ್ಕಾರವಿರಲಿಲ್ಲ. ಖಜಾನೆ, ಇಲಾಖೆ, ನ್ಯಾಯಾಲಯ, ಯಾವುದೂ ಇರಲಿಲ್ಲ. ವಾಷಿಂಗ್ಟನ್ನನ ಉದ್ಘಾಟನಾ ಭಾಷಣದ ಕರಡನ್ನು ಸಿದ್ಧಪಡಿಸಿದವನು ಮ್ಯಾಡಿಸನ್. ಅದಕ್ಕೆ ಪ್ರತಿನಿಧಿಸಭೆಯ ಉತ್ತರವನ್ನು ಬರೆದವನೂ ಅವನೇ. ಆ ಉತ್ತರಕ್ಕೆ ಅಧ್ಯಕ್ಷನ ಪ್ರತ್ಯುತ್ತರವನ್ನು ಬರೆದುಕೊಟ್ಟವನೂ ಅವನೇ.

ಮೊದಲು ಆಮದು ಸುಂಕದ ಕಾಯಿದೆಯಿಂದ ಸರ್ಕಾರಕ್ಕೆ ಆದಾಯವಾಯಿತು. ಬಳಿಕ ವಿದೇಶಾಂಗ, ಯುದ್ಧ, ಹಣಕಾಸು ಇಲಾಖೆಗಳು ಏರ್ಪಟ್ಟವು. ಸೆನೆಟ್ಟಿನ ಒಪ್ಪಿಗೆಯಿಂದ ನೇಮಕವಾದ ಇಲಾಖಾ ಮುಖ್ಯಸ್ಥನನ್ನು ವಜಾ ಮಾಡುವ ಅಧಿಕಾರ ಯಾರದು? ಸಂವಿಧಾನ ಮೌನವಾಗಿತ್ತು. ಹೊಣೆಗಾರಿಕೆ ಒಬ್ಬನಲ್ಲಿ ನೆಲೆಸಬೇಕಾದರೆ ಆ ಅಧಿಕಾರ ಅಧ್ಯಕ್ಷನಲ್ಲೇ ಇರಬೇಕೆಂದು ಮ್ಯಾಡಿಸನ್ ವಾದಿಸಿದ. ಸೆನೆಟ್ಟಿನಲ್ಲಿ ಮತಗಳು ಸಮವಾದಾಗ ಉಪಾಧ್ಯಕ್ಷ ಜಾನ್ ಆಡಮ್ಸ್‌ನ ನಿರ್ಣಾಯಕ ಮತದಿಂದ ಈ ನಿಲುವು ಉಳಿಯಿತು. ಸೆಪ್ಟೆಂಬರ್ ೨೪ರ ನ್ಯಾಯಾಂಗ ಕಾಯಿದೆಯು ಆರು ನ್ಯಾಯಾಧೀಶರ ಸರ್ವೋಚ್ಚ ನ್ಯಾಯಾಲಯವನ್ನೂ ಹದಿಮೂರು ಜಿಲ್ಲಾ ನ್ಯಾಯಾಲಯಗಳನ್ನೂ ಸ್ಥಾಪಿಸಿತು.

ಈ ಅಧಿವೇಶನದ ಶಾಶ್ವತ ಕೊಡುಗೆ ಹಕ್ಕುಗಳ ಮಸೂದೆ. ಕಾಗದದ ಮೇಲಿನ ಹಕ್ಕುಗಳನ್ನು ಬಹುಮತ ಲೆಕ್ಕಿಸುವುದಿಲ್ಲವೆಂದು ಮ್ಯಾಡಿಸನ್ ಮೊದಲು ನಂಬಿದ್ದ. ಜೆಫರ್ಸನ್ನನ ಪತ್ರಗಳು, ಬ್ಯಾಪ್ಟಿಸ್ಟ್ ಮತದಾರರ ಆತಂಕ, ವಿರೋಧಿಗಳ ಒತ್ತಡ ಅವನ ಮನಸ್ಸನ್ನು ಬದಲಿಸಿದವು. ತನ್ನ ಅಭಿಪ್ರಾಯ ಬದಲಾಯಿತೆಂದು ಒಪ್ಪಿಕೊಳ್ಳಲು ಅವನು ಹಿಂಜರಿಯಲಿಲ್ಲ. ೧೭೮೯ರ ಜೂನ್ ೮ರಂದು ನಿರಾಸಕ್ತ ಸಭೆಯ ಮುಂದೆ ತಿದ್ದುಪಡಿಗಳನ್ನು ಮಂಡಿಸಿ ಪಟ್ಟುಹಿಡಿದ. ಸಂಸ್ಥಾನಗಳೂ ಆತ್ಮಸಾಕ್ಷಿಯ ಮತ್ತು ಪತ್ರಿಕೆಗಳ ಸ್ವಾತಂತ್ರ್ಯವನ್ನು ಮುರಿಯಕೂಡದೆಂಬ ವಿಧಿ ಅವನಿಗೆ ಎಲ್ಲಕ್ಕಿಂತ ಅಮೂಲ್ಯವಾಗಿತ್ತು. ಸೆನೆಟ್ ಅದನ್ನೇ ಕೈಬಿಟ್ಟಿತು. ೧೮೬೮ರ ಹದಿನಾಲ್ಕನೆಯ ತಿದ್ದುಪಡಿ ಬಂದು, ಅನಂತರ ನ್ಯಾಯಾಲಯಗಳು ಅದನ್ನು ವ್ಯಾಖ್ಯಾನಿಸುವವರೆಗೆ ಆ ಕೊರತೆ ತುಂಬಲಿಲ್ಲ. ಸಂಸ್ಥಾನಗಳಿಗೆ ಕಳುಹಿಸಿದ ಹನ್ನೆರಡು ತಿದ್ದುಪಡಿಗಳಲ್ಲಿ ಹತ್ತು ೧೭೯೧ರ ಡಿಸೆಂಬರ್ ೧೫ರಂದು ಸ್ಥಿರಗೊಂಡವು. ಕಾಂಗ್ರೆಸ್ ಸದಸ್ಯರ ವೇತನಕ್ಕೆ ಸಂಬಂಧಿಸಿದ ಇನ್ನೊಂದು, ಇನ್ನೂರು ವರ್ಷ ಕಾದು, ೧೯೯೨ರಲ್ಲಿ ಇಪ್ಪತ್ತೇಳನೆಯ ತಿದ್ದುಪಡಿಯಾಯಿತು.

ವಿರೋಧ ಮತ್ತು ಅಧಿಕಾರ

ಹಣಕಾಸು ಕಾರ್ಯದರ್ಶಿಯಾದ ಹ್ಯಾಮಿಲ್ಟನ್ನನೊಡನೆ ಮ್ಯಾಡಿಸನ್ನನ ಮೈತ್ರಿ ಬೇಗನೆ ಮುರಿಯಿತು. ಸಂಸ್ಥಾನಗಳ ಯುದ್ಧಸಾಲವನ್ನು ಕೇಂದ್ರ ವಹಿಸಿಕೊಳ್ಳುವ ಯೋಜನೆಯಲ್ಲಿ ೧೭೯೦ರಲ್ಲಿ ರಾಜಿಯಾಗಿ, ಪ್ರತಿಯಾಗಿ ರಾಜಧಾನಿ ಪೊಟೊಮ್ಯಾಕ್ ನದಿಯ ದಡಕ್ಕೆ ಬಂದಿತು. ೧೭೯೧ರ ರಾಷ್ಟ್ರೀಯ ಬ್ಯಾಂಕಿನ ವಿಷಯದಲ್ಲಿ ರಾಜಿಯಿರಲಿಲ್ಲ. ಸಂವಿಧಾನ ಕೊಡದ ಅಧಿಕಾರವನ್ನು ಕೇಂದ್ರ ಕಲ್ಪಿಸಿಕೊಳ್ಳಬಾರದೆಂದು ಮ್ಯಾಡಿಸನ್ ವಿರೋಧಿಸಿ ಸೋತ. ಬಲವಾದ ಕೇಂದ್ರಕ್ಕಾಗಿ ಹೋರಾಡಿದವನು ಕೇಂದ್ರದ ಮಿತಿಗಾಗಿ ಹೋರಾಡುವಂತಾಯಿತು. ಇದನ್ನು ಅಸಂಗತಿಯೆಂದವರುಂಟು. ಅಧಿಕಾರ ಎಲ್ಲಿ ಅತಿಯಾಗಿ ಶೇಖರವಾಗುತ್ತದೆಯೋ ಅಲ್ಲಿಂದಲೇ ಅಪಾಯವೆಂಬ ಒಂದೇ ನಂಬಿಕೆಯ ಎರಡು ಮುಖಗಳೆಂದು ನೋಡುವುದೇ ಹೆಚ್ಚು ಯುಕ್ತವೆನಿಸುತ್ತದೆ. ಬಣಗಳಿಗೆ ಹೆದರಿದ್ದವನೇ ಜೆಫರ್ಸನ್ನನೊಡನೆ ರಿಪಬ್ಲಿಕನ್ ಪಕ್ಷವನ್ನು ಕಟ್ಟಿದ. ಸರ್ಕಾರವನ್ನು ಟೀಕಿಸುವುದನ್ನು ಅಪರಾಧವಾಗಿಸಿದ ೧೭೯೮ರ ರಾಜದ್ರೋಹ ಕಾಯಿದೆಯ ವಿರುದ್ಧ ವರ್ಜೀನಿಯಾ ನಿರ್ಣಯಗಳನ್ನು ಹೆಸರಿಲ್ಲದೆ ಬರೆದ. ಈ ನಡುವೆ ೧೭೯೪ರಲ್ಲಿ ಡಾಲಿ ಪೇನ್ ಟಾಡ್ ಎಂಬ ವಿಧವೆಯನ್ನು ವಿವಾಹವಾಗಿದ್ದ.

ಜೆಫರ್ಸನ್ ಅಧ್ಯಕ್ಷನಾದಾಗ ಎಂಟು ವರ್ಷ ವಿದೇಶಾಂಗ ಕಾರ್ಯದರ್ಶಿಯಾಗಿದ್ದ. ಶಾಸನಗಳ ಸಾಂವಿಧಾನಿಕತೆಯನ್ನು ನ್ಯಾಯಾಲಯ ಪರಿಶೀಲಿಸಬಹುದೆಂಬ ತತ್ವವನ್ನು ಸ್ಥಾಪಿಸಿದ ೧೮೦೩ರ ಮಾರ್ಬರಿ ಮೊಕದ್ದಮೆಯಲ್ಲಿ ಪ್ರತಿವಾದಿ ಅವನೇ. ೧೮೦೯ರಿಂದ ೧೮೧೭ರವರೆಗೆ ಅಧ್ಯಕ್ಷನಾಗಿದ್ದ ಅವಧಿ ಅಷ್ಟೊಂದು ಯಶಸ್ವಿಯಲ್ಲ. ೧೮೧೨ರಲ್ಲಿ ಬ್ರಿಟನ್ನಿನೊಡನೆ ಆರಂಭವಾದ ಯುದ್ಧಕ್ಕೆ ಸಿದ್ಧತೆ ಸಾಲದು. ೧೮೧೪ರ ಆಗಸ್ಟ್ ೨೪ರಂದು ಶತ್ರುಸೈನ್ಯ ರಾಜಧಾನಿಯನ್ನು ಹೊಕ್ಕು ಅಧ್ಯಕ್ಷಭವನವನ್ನು ಸುಟ್ಟಿತು. ಆದರೂ ಯುದ್ಧಕಾಲದ ಕಟುಟೀಕೆಯನ್ನು ಅಡಗಿಸಲು ಅವನು ಹೊಸ ದಮನ ಶಾಸನಗಳನ್ನು ತರಲಿಲ್ಲವೆಂಬುದನ್ನು ಮರೆಯಬಾರದು. ತಾನೇ ವಿರೋಧಿಸಿದ್ದಂಥ ಬ್ಯಾಂಕಿಗೆ ೧೮೧೬ರಲ್ಲಿ, ದೇಶವು ಅಷ್ಟುಕಾಲ ಅದನ್ನು ಒಪ್ಪಿ ನಡೆದಿದೆಯೆಂಬ ಕಾರಣದಿಂದ, ಸಹಿ ಹಾಕಿದ.

ಮಾಂಟ್‌ಪೆಲಿಯರಿನ ಕೊನೆಯ ದಿನಗಳು

ನಿವೃತ್ತನಾದ ಮ್ಯಾಡಿಸನ್ ಜೆಫರ್ಸನ್ನನ ಅನಂತರ ವರ್ಜೀನಿಯಾ ವಿಶ್ವವಿದ್ಯಾನಿಲಯದ ರೆಕ್ಟರ್ ಆಗಿ ದುಡಿದ. ಒಕ್ಕೂಟದ ಕಾಯಿದೆಯನ್ನು ಸಂಸ್ಥಾನವೊಂದು ತಾನೇ ರದ್ದುಮಾಡಬಹುದೆಂದು ದಕ್ಷಿಣ ಕ್ಯಾರೊಲಿನಾದವರು ಅವನ ೧೭೯೮ರ ನಿರ್ಣಯಗಳನ್ನೇ ಆಧಾರವಾಗಿ ತೋರಿಸಿದಾಗ, ಎಂಬತ್ತರ ಆಸುಪಾಸಿನ ವೃದ್ಧ ಸಂಧಿವಾತದಿಂದ ಬಾಗಿದ ಬೆರಳುಗಳಿಂದ ಅದನ್ನು ಖಂಡಿಸಿ ಬರೆದ.

ಒಂದು ವಿಷಯದಲ್ಲಿ ಮಾತ್ರ ಅವನ ಲೇಖನಿ ಕೈಯನ್ನು ನಡೆಸಲಿಲ್ಲ. ೧೭೮೩ರಲ್ಲಿ ಫಿಲಡೆಲ್ಫಿಯಾದಿಂದ ಊರಿಗೆ ಹೊರಟಾಗ, ಸ್ವಾತಂತ್ರ್ಯದ ರುಚಿ ಕಂಡ ಬಿಲ್ಲಿ ಎಂಬ ಗುಲಾಮನನ್ನು ಮರಳಿ ವರ್ಜೀನಿಯಾಕ್ಕೆ ಕರೆದೊಯ್ಯಲು ಅವನ ಮನಸ್ಸು ಒಪ್ಪಿರಲಿಲ್ಲ. ತಾವೆಲ್ಲ ರಕ್ತ ಸುರಿಸಿ ಪಡೆಯುತ್ತಿದ್ದುದನ್ನೇ ಬಯಸಿದ್ದು ಅವನ ತಪ್ಪೆನ್ನುವುದು ಹೇಗೆಂದು ತಂದೆಗೆ ಬರೆದಿದ್ದ. ಆದರೂ ಬಿಡುಗಡೆ ಮಾಡದೆ, ನಿಯತ ಅವಧಿಯ ದುಡಿಮೆಗೆ ಅಲ್ಲಿಯೇ ಮಾರಿದ. ಗುಲಾಮಗಿರಿ ಪಾಪವೆಂದು ಅರಿತವನು ಸಾಯುವಾಗ ಸುಮಾರು ನೂರು ಗುಲಾಮರ ಒಡೆಯನಾಗಿದ್ದ. ಉಯಿಲಿನಲ್ಲಿ ಒಬ್ಬರನ್ನೂ ಬಿಡುಗಡೆ ಮಾಡಲಿಲ್ಲ. ಅವರ ಸಮ್ಮತಿಯಿಲ್ಲದೆ ಮಾರಬಾರದೆಂದು ಬರೆದದ್ದಷ್ಟೇ. ಸಾಲದಲ್ಲಿ ಮುಳುಗಿದ ಡಾಲಿಯಿಂದ ಅದೂ ನಡೆಯಲಿಲ್ಲ. ೧೮೩೬ರ ಜೂನ್ ೨೮ರಂದು, ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಕೊನೆಯವನಾಗಿ ಮ್ಯಾಡಿಸನ್ ತೀರಿಕೊಂಡಾಗ ಬಳಿಯಲ್ಲಿದ್ದವನು ಪಾಲ್ ಜೆನಿಂಗ್ಸ್ ಎಂಬ ಗುಲಾಮ ಸೇವಕ. ಆ ಜೆನಿಂಗ್ಸ್ ೧೮೪೭ರಲ್ಲಿ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ ತೆತ್ತ ಹಣದಿಂದ ಬಿಡುಗಡೆ ಪಡೆದು, ಆ ಋಣವನ್ನು ದುಡಿದು ತೀರಿಸಿದ. ಕಡುಬಡತನಕ್ಕಿಳಿದಿದ್ದ ಹಳೆಯ ಒಡತಿ ಡಾಲಿಗೆ ತನ್ನ ಕೈಯಿಂದ ಆಗಾಗ ಹಣ ಕೊಟ್ಟ. ೧೮೬೫ರಲ್ಲಿ ಅವನ ನೆನಪುಗಳು ಪುಸ್ತಕವಾಗಿ ಪ್ರಕಟವಾದವು. ಅದರಲ್ಲಿ ದ್ವೇಷವಿಲ್ಲ, ಒಡೆಯನ ಸೌಜನ್ಯದ ವರ್ಣನೆಯೇ ಇದೆ. ಓದುವವರಿಗೆ ಅದು ಆರೋಪಪತ್ರಕ್ಕಿಂತ ಹೆಚ್ಚು ಭಾರವಾಗುತ್ತದೆ.

ಉಪಸಂಹಾರ

ಮ್ಯಾಡಿಸನ್ನನ ಟಿಪ್ಪಣಿಗಳನ್ನು ಕಾಂಗ್ರೆಸ್ಸು ೩೦,೦೦೦ ಡಾಲರಿಗೆ ಕೊಂಡಿತು. ೧೮೪೦ರಲ್ಲಿ ಅವು ಪ್ರಕಟವಾದವು. ಸಂವಿಧಾನದಲ್ಲಿ ಬಗೆಹರಿಯದೆ ಉಳಿದ ಪ್ರಶ್ನೆ ೧೮೬೧ರಲ್ಲಿ ಅಂತರ್ಯುದ್ಧವಾಗಿ ಸಿಡಿಯಿತು. ಅವನು ಎತ್ತಿದ ಪ್ರಶ್ನೆಗಳು ನಮ್ಮ ದೇಶಕ್ಕೂ ಬಂದವು. ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾವ್ ಅವರು ಸಂವಿಧಾನ ಸಭೆಯ ಸಲಹೆಗಾರರಾಗಿ ೧೯೪೭ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿದರು. ಮ್ಯಾಡಿಸನ್ ೧೭೮೯ರ ಕರಡಿನಲ್ಲಿ ಸೇರಿಸಿದ್ದ ಯುಕ್ತ ಕಾನೂನು ಪ್ರಕ್ರಿಯೆಯೆಂಬ ರಕ್ಷಣೆಯನ್ನು ನಮ್ಮಲ್ಲಿ ಕೈಬಿಟ್ಟು, ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನವೆಂಬ ಮಾತನ್ನು ಇಪ್ಪತ್ತೊಂದನೆಯ ಅನುಚ್ಛೇದಕ್ಕೆ ಆರಿಸಿಕೊಂಡದ್ದರ ಹಿಂದೆ ಆ ಚರ್ಚೆಯ ಪ್ರಭಾವವಿದೆ. ೧೯೭೮ರ ಮೇನಕಾ ಗಾಂಧಿ ಮೊಕದ್ದಮೆಯ ತೀರ್ಪು ಆ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕೆಂದು ವ್ಯಾಖ್ಯಾನಿಸಿ, ಬಿಟ್ಟುದನ್ನು ಬಹುಮಟ್ಟಿಗೆ ಮರಳಿ ತಂದಿತು.

ಹೊರನಾಡಿನಲ್ಲಿ ಕನ್ನಡವನ್ನು ಕಲಿಸುತ್ತ, ಪ್ರತಿವರ್ಷ ತರಗತಿಯ ಮಕ್ಕಳನ್ನು ಎಣಿಸುತ್ತ ಬಂದಿರುವ ನಮ್ಮಂಥವರಿಗೆ ಬಹುಮತ ಅಲ್ಪಮತಗಳ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ. ನೆರೆಯವರ ಸೌಜನ್ಯ ನಮಗೆ ದೊರೆತಿದೆ, ಅದಕ್ಕೆ ಕೃತಜ್ಞರಾಗಿದ್ದೇವೆ. ಆದರೆ ಭಾಷಾ ಅಲ್ಪಸಂಖ್ಯಾತರ ಶಾಲೆ ನಿಂತಿರುವುದು ಸೌಜನ್ಯದ ಮೇಲಲ್ಲ, ಸಂವಿಧಾನದ ೨೯ ಮತ್ತು ೩೦ನೆಯ ಅನುಚ್ಛೇದಗಳ ಮೇಲೆ. ಸಹನೆಗೂ ಹಕ್ಕಿಗೂ ಇರುವ ಈ ಅಂತರವನ್ನು ಇಪ್ಪತ್ತೈದನೆಯ ವಯಸ್ಸಿನಲ್ಲೇ ಕಂಡವನು ಮ್ಯಾಡಿಸನ್. ಅದನ್ನು ತನ್ನ ಮನೆಯಂಗಳದವರಿಗೆ ಅನ್ವಯಿಸಲಾರದೆ ಹೋದವನೂ ಅವನೇ. ಅವನಿಂದ ನಾವು ಕಲಿಯಬೇಕಾದದ್ದು ಈ ಎರಡನ್ನೂ.